ಮರದಲ್ಲಿ ಅಮ್ಮನ ಪಟ



ನಮ್ಮ ಕಡೆಯ ಮನೆಗಳಲ್ಲಿ ಹಿರಿಯರ ದೊಡ್ಡ ಫೋಟೊ ಗೋಡೆ ಏರುವುದು ಬಹುಮಟ್ಟಿಗೆ ಅವರು ತೀರಿಕೊಂಡ ಮೇಲೆಯೇ. ವೈಕುಂಠ ಸಮಾರಾಧನೆ ಹತ್ತಿರ ಬಂದಾಗ ಮಕ್ಕಳು ಟ್ರಂಕು, ಆಲ್ಬಮ್ಮು ಎಲ್ಲ ತಡಕಾಡುತ್ತಾರೆ. ಒಬ್ಬರೇ ಕೂತು ತೆಗೆಸಿಕೊಂಡ ಫೋಟೊ ಸಿಗುವುದಿಲ್ಲ. ಯಾರದೋ ಮದುವೆಯ ಗುಂಪಿನಿಂದ ಮುಖವೊಂದನ್ನು ಬೇರ್ಪಡಿಸುತ್ತಾರೆ, ಇಲ್ಲವೇ ಮತದಾರರ ಗುರುತಿನ ಚೀಟಿಯ ಮುಖವನ್ನೇ ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ, ಕಟ್ಟು ಹಾಕಿಸಿ ತರುತ್ತಾರೆ. ಆ ಗುರುತಿನ ಚೀಟಿ ಬಂದದ್ದು 1993ರಿಂದ ಈಚೆಗೆ. ಹಳ್ಳಿಯ ಎಷ್ಟೋ ಹೆಂಗಸರು ಕ್ಯಾಮರಾದ ಮುಂದೆ ಒಬ್ಬರೇ ಕೂತದ್ದು ಅದೇ ಮೊದಲು. ಸಾಲಿನಲ್ಲಿ ನಿಂತು ಬಸವಳಿದು, ‘ಇಲ್ಲಿ ನೋಡಿ’ ಎಂದ ಕೂಡಲೇ ಗಾಬರಿಗೊಂಡ ಆ ಮುಖಕ್ಕೆ ಕೊನೆಗೆ ಗಂಧದ ಹಾರ ಬೀಳುತ್ತದೆ. ಅದು ಅವರ ಮುಖವೇ ಹೌದು. ಅವರಿಗೆ ಮೆಚ್ಚಿಗೆಯಾದ ಮುಖವೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ, ಇನ್ನು ಕೇಳೋಣವೆಂದರೆ ಅವರಿಲ್ಲ.

ಅಪ್ಪ ಅಮ್ಮ ನಮ್ಮೊಡನೆ ಇರುವಾಗಲೇ ಅವರ ಮುಖವನ್ನು ಮರದಲ್ಲಿ ಕೆತ್ತಿ ಅವರ ಕೈಗೇ ಕೊಡುವುದು ಹೇಗೆ ಎನ್ನುವುದು ನನ್ನ ಇವತ್ತಿನ ವಿಷಯ. ಇದು ಶಿಲ್ಪಿಗಳಿಗೆ ಹೇಳುವ ಮಾತಲ್ಲ. ಶಾಲೆಯಲ್ಲಿ ಒಂದಿಷ್ಟು ಚಿತ್ರ ಬಿಡಿಸಿದವರಿಗೆ, ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರಿಗೆ. ನಾನು ಚಿತ್ರಕಲೆಯ ಮೇಷ್ಟ್ರಾಗಿದ್ದವನು. ಉಳಿ ಹಿಡಿಯುವುದನ್ನು ಸಾಗರದಲ್ಲಿ ಮರ ಕೆತ್ತುವ ಕಸುಬಿನ ಒಬ್ಬ ಹಿರಿಯ ಗುಡಿಗಾರರ ಜಗಲಿಯಲ್ಲಿ ಕೂತು ಕಲಿತೆ.

ಬದುಕಿದ್ದವರನ್ನು ಕೆತ್ತಬಾರದು, ಆಯುಸ್ಸು ಕಮ್ಮಿಯಾಗುತ್ತದೆ ಎಂಬ ಅಂಜಿಕೆ ಕೆಲವರಿಗಿದೆ. ತಿರುಮಲೆಯ ದೇವಸ್ಥಾನಕ್ಕೆ ಹೋದವರು ನೆನಪು ಮಾಡಿಕೊಳ್ಳಿ. ಅಲ್ಲಿ ಕೃಷ್ಣದೇವರಾಯ ತನ್ನ ಇಬ್ಬರು ರಾಣಿಯರಾದ ತಿರುಮಲಾದೇವಿ, ಚಿನ್ನಾದೇವಿಯರೊಡನೆ ಲೋಹದ ಪ್ರತಿಮೆಯಾಗಿ ಕೈಮುಗಿದು ನಿಂತಿದ್ದಾನೆ. ಅದನ್ನು ಅವನು ತಾನಿದ್ದಾಗಲೇ ನಿಲ್ಲಿಸಿದ್ದು. ನಮ್ಮ ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲದ ಮೇಲೆ ಮೂವರು ಕೆಳದಿ ಅರಸರು ದೇವರಿಗೆ ಅಡ್ಡಬಿದ್ದ ಕೆತ್ತನೆಯಿದೆ. ಬಂದವರೆಲ್ಲ ಬಗ್ಗಿ ನೋಡುತ್ತಾರೆ. ಆದರೆ ಈ ಪ್ರತಿಮೆಗಳೆಲ್ಲ ಯಾರವೆಂದು ನಮಗೆ ಗೊತ್ತಾಗುವುದು ಅಲ್ಲಿ ಬರೆದ ಹೆಸರಿನಿಂದ, ಮುಖದಿಂದಲ್ಲ. ನಾಡಿನ ತುಂಬ ನಿಂತಿರುವ ವೀರಗಲ್ಲುಗಳೂ ಹಾಗೆಯೇ. ವೀರನ ಕತ್ತಿ, ಕುದುರೆ, ಅವನನ್ನು ಕರೆದೊಯ್ಯುವ ಅಪ್ಸರೆಯರು ಎಲ್ಲ ಇರುತ್ತಾರೆ. ಅವನ ಮೂಗು ಹೇಗಿತ್ತು, ತುಟಿ ಹೇಗಿತ್ತು ಎಂಬುದು ಇರುವುದಿಲ್ಲ. ಒಬ್ಬ ಸಾಮಾನ್ಯ ವ್ಯಕ್ತಿಯ, ಅದೂ ಕೊಟ್ಟಿಗೆ ಅಡುಗೆಮನೆಗಳ ನಡುವೆ ಜೀವ ತೇಯ್ದ ಹೆಂಗಸಿನ ಮುಖ ಇದ್ದ ಹಾಗೇ ಉಳಿಯುವ ಭಾಗ್ಯ ಬಂದದ್ದು 1839ರಲ್ಲಿ ಪ್ಯಾರಿಸ್ಸಿನಲ್ಲಿ ಫೋಟೊಗ್ರಫಿ ಪ್ರಕಟವಾದ ಮೇಲೆ. ಅಲ್ಲಿಂದ ನಮ್ಮೂರಿನ ತನಕ ಅದು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಈಗ ಪೇಟೆಗಳಲ್ಲಿ ಫೋಟೊ ಕೊಟ್ಟರೆ ಮರದ ಮೇಲೆ ಲೇಸರಿನಿಂದ ಸುಟ್ಟೋ ಸಿಎನ್‌ಸಿ ಯಂತ್ರದಿಂದ ಕೊರೆದೋ ಅವತ್ತೇ ಕೊಟ್ಟುಬಿಡುವ ಅಂಗಡಿಗಳಿವೆ. ಅವರ ಕೆಲಸವನ್ನು ನಾನು ಹೀಗಳೆಯುವುದಿಲ್ಲ. ಅಕ್ಷರ, ಬಳ್ಳಿ, ಅಂಚುಗಳನ್ನು ಯಂತ್ರ ಬಹಳ ಚೊಕ್ಕಟವಾಗಿ ತೆಗೆಯುತ್ತದೆ. ಮುಖದ ವಿಷಯ ಬೇರೆ. ಒಂದೇ ಒಂದು ಫೋಟೊ ಕೊಟ್ಟಾಗ ಯಂತ್ರಕ್ಕೆ ತಿಳಿಯುವುದು ಬೆಳಕು ಮತ್ತು ಕತ್ತಲು ಮಾತ್ರ. ಸಾಮಾನ್ಯವಾಗಿ ಕಪ್ಪಗಿದ್ದದ್ದನ್ನು ಆಳ ಎಂದೂ ಬೆಳ್ಳಗಿದ್ದದ್ದನ್ನು ಎತ್ತರ ಎಂದೂ ಅದು ಲೆಕ್ಕ ಹಾಕುತ್ತದೆ. ಹಳೆಯ ಕಪ್ಪುಬಿಳುಪು ಫೋಟೊದಲ್ಲಿ ಅಮ್ಮನ ಹಣೆಯ ಕೆಂಪು ಕುಂಕುಮ ಕಪ್ಪಗೆ ಬಂದಿರುತ್ತದೆ. ಯಂತ್ರ ಅದನ್ನು ನೋಡಿ ಹಣೆಯ ನಟ್ಟನಡುವೆ ಒಂದು ಗುಳಿ ತೋಡುತ್ತದೆ. ಕಪ್ಪು ಕೂದಲು ಹಳ್ಳವಾಗುತ್ತದೆ. ಬಿಳಿ ಸೀರೆಯ ಸೆರಗು ಮೂಗಿಗಿಂತ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಂಗಡಿಯ ಹುಡುಗ ಮನಸ್ಸಿಟ್ಟರೆ ಕಂಪ್ಯೂಟರಿನಲ್ಲಿ ಇದನ್ನೆಲ್ಲ ತಿದ್ದಬಹುದು. ಆದರೆ ತಿದ್ದಬೇಕಾದರೆ ಕುಂಕುಮ ಯಾವುದು, ಗುಳಿ ಯಾವುದು ಎಂದು ಗೊತ್ತಿರುವ ಒಬ್ಬ ಮನುಷ್ಯ ಬೇಕೇ ಬೇಕು. ನಿಮ್ಮ ತಾಯಿಯ ಮುಖ ನಿಮ್ಮಷ್ಟು ಗೊತ್ತಿರುವವರು ಇನ್ನಾರಿದ್ದಾರೆ?

ಎಲ್ಲಕ್ಕಿಂತ ಮೊದಲು ಫೋಟೊ ಆರಿಸಬೇಕು. ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಕೆತ್ತನೆಗೆ ಬೇಕಾದದ್ದು ಒಂದು ಪಕ್ಕದಿಂದ ಬೆಳಕು ಬಿದ್ದ ಫೋಟೊ. ಎದುರಿನಿಂದ ಫ್ಲ್ಯಾಶ್ ಬಿದ್ದರೆ ಮುಖ ಚಪ್ಪಟೆಯಾಗುತ್ತದೆ; ಕೆನ್ನೆ ಎಲ್ಲಿ ತಿರುಗಿತು, ಕಣ್ಣಗೂಡು ಎಷ್ಟು ಒಳಗಿದೆ ಎಂದು ತಿಳಿಯುವುದಿಲ್ಲ. ನಾನು ಅಮ್ಮನನ್ನು ಕೆತ್ತಲು ಹೊರಟಾಗ ಬೆಳಗಿನ ಹೊತ್ತು ಜಗಲಿಯ ಕಿಟಕಿಯ ಪಕ್ಕ ಕೂರಿಸಿ, ಚೆನ್ನಾಗಿರುವ ಹೊಸ ಫೋಟೊಗಳನ್ನು ತೆಗೆದಿಟ್ಟುಕೊಂಡಿದ್ದೆ. ಎದುರಿನಿಂದ, ಪಕ್ಕದಿಂದ, ಮುಕ್ಕಾಲು ತಿರುಗಿದಂತೆ, ಎಲ್ಲವೂ ಇದ್ದವು. ಬೆಳಕೂ ಸರಿಯಾಗಿತ್ತು. ಅವಳಿಗೆ ತೋರಿಸಿದೆ. ಒಂದೊಂದನ್ನೂ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಪೆಟ್ಟಿಗೆಯಿಂದ ಬೇರೊಂದು ಫೋಟೊ ತಂದಳು.

ಅದು ನನ್ನ ಅಕ್ಕನ ಮದುವೆಯಲ್ಲಿ ಯಾರೋ ತೆಗೆದ ಕಪ್ಪುಬಿಳುಪು ಫೋಟೊ. ಅಮ್ಮನಿಗೆ ಆಗ ಹೆಚ್ಚುಕಡಿಮೆ ನಲವತ್ತು. ತುರುಬಿನಲ್ಲಿ ಅಬ್ಬಲಿಗೆ ದಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮುಖ ಪಕ್ಕಕ್ಕೆ ತಿರುಗಿದೆ, ಅಡುಗೆಯ ಚಪ್ಪರದ ಕಡೆ ಯಾರನ್ನೋ ಕೂಗಿ ಏನೋ ಹೇಳುತ್ತಿದ್ದಾಳೆ. ಅಂಚು ಸ್ವಲ್ಪ ಮಸುಕು. ‘ಮಾಡೋದಾದ್ರೆ ಇದನ್ನ ಮಾಡು ಮಾರಾಯ. ಅವತ್ತು ಮನೆ ತುಂಬ ಜನ. ಅಷ್ಟನ್ನೂ ನಾನೇ ಸುಧಾರಿಸಿದ್ದು’ ಎಂದಳು.

ಆ ಮಾತು ಕೇಳುವವರೆಗೆ ಅಮ್ಮನ ಮುಖ ಎಂದರೆ ನನಗೆ ಈಗಿನ, ಹಲ್ಲು ಬಿದ್ದ, ಶಾಂತವಾದ ಮುಖವೇ ಆಗಿತ್ತು. ಮಕ್ಕಳಿಗೆ ಅದೇ ಇಷ್ಟವಾಗುವುದು. ಅವಳು ತನ್ನನ್ನು ತಾನು ನೆನೆಸಿಕೊಳ್ಳುತ್ತಿದ್ದದ್ದು ಬೇರೆ ಮುಖದಿಂದ: ನೂರಾರು ಜನರ ಊಟದ ಹೊಣೆ ಹೊತ್ತು, ದನಿ ಎತ್ತಿ ಕೆಲಸ ಹೇಳುತ್ತಿದ್ದವಳ ಮುಖ. ಅಡುಗೆಯವರು, ನೆರೆಯವರು, ಅಪ್ಪನೂ ಸೇರಿದಂತೆ ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದ ದಿನ ಅದು. ಉಡುಗೊರೆ ಅವಳಿಗೆ ಎಂದಾದ ಮೇಲೆ ಮುಖವೂ ಅವಳು ಹೇಳಿದ್ದೇ ಆಗಬೇಕು. ನಾನು ತೆಗೆದ ಫೋಟೊಗಳನ್ನು ಅಳತೆಗೆ ಇಟ್ಟುಕೊಂಡೆ, ಕೆತ್ತುವುದಕ್ಕೆ ಅವಳ ಫೋಟೊ ಇಟ್ಟುಕೊಂಡೆ.

ಮುಖ ಪಕ್ಕಕ್ಕೆ ತಿರುಗಿದ್ದದ್ದು ಕೆತ್ತುವವನಿಗೆ ಅನುಕೂಲವೇ ಆಯಿತು. ನಿಮ್ಮ ಮನೆಯಲ್ಲಿ 1964ರ ನೆಹರೂ ನಾಣ್ಯವೋ 1969ರ ಗಾಂಧಿ ಶತಮಾನೋತ್ಸವದ ನಾಣ್ಯವೋ ಉಳಿದಿದ್ದರೆ ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿ. ಎಷ್ಟು ಕಡಿಮೆ ಉಬ್ಬಿನಲ್ಲಿ ಎಷ್ಟು ನಿಚ್ಚಳವಾಗಿ ಮುಖ ಮೂಡಿದೆ! ಎರಡರಲ್ಲೂ ಇರುವುದು ಪಕ್ಕನೋಟ. ಪಕ್ಕದಿಂದ ನೋಡಿದಾಗ ಹಣೆ, ಮೂಗು, ತುಟಿ, ಗಲ್ಲ ಒಂದೇ ಗೆರೆಯಲ್ಲಿ ಸಿಗುತ್ತವೆ. ಆ ಗೆರೆ ಸರಿಯಾದರೆ ಹೋಲಿಕೆ ಅರ್ಧ ಬಂದಂತೆ. ಎದುರುಮುಖದಲ್ಲಾದರೆ ಮೂಗು ನೇರ ನಮ್ಮ ಕಡೆಗೇ ಬರುತ್ತದೆ. ಅಂಗುಲ ದಪ್ಪದ ಹಲಗೆಯಲ್ಲಿ ಅದನ್ನು ತೋರಿಸುವುದು ಪಳಗಿದವರಿಗೂ ಕಷ್ಟ. ಮೊದಲ ಸಲ ಕೆತ್ತುವವರು ಪಕ್ಕನೋಟವನ್ನೇ ಆರಿಸಿಕೊಳ್ಳಿ. ತೆಳುವಾದ ಉಬ್ಬಿನಲ್ಲಿ ಏನೆಲ್ಲ ಮಾಡಬಹುದು ಎಂದು ನೋಡಬೇಕಾದರೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗಿ. ಕೆ. ವೆಂಕಟಪ್ಪನವರು ಜಲವರ್ಣದ ಚಿತ್ರಗಳಿಗೆ ಹೆಸರಾದವರು. ಅವರು ಪ್ಲಾಸ್ಟರಿನಲ್ಲಿ ಮಾಡಿದ ಉಬ್ಬುಶಿಲ್ಪಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ.

ಇನ್ನು ಮರ. ಗಂಧದ ಆಸೆ ಬಿಡಿ. ಕರ್ನಾಟಕದಲ್ಲಿ ಬಹುಕಾಲ ಶ್ರೀಗಂಧ ಸರ್ಕಾರದ ಸೊತ್ತಾಗಿತ್ತು, ಅದು ಯಾರ ಜಮೀನಿನಲ್ಲೇ ಬೆಳೆದಿರಲಿ. 2001ರ ತಿದ್ದುಪಡಿಯ ಮೇಲೆ ಜಮೀನಿನವನಿಗೆ ಮರದ ಒಡೆತನ ಬಂತು. ಕಡಿಯುವುದಕ್ಕೆ, ಸಾಗಿಸುವುದಕ್ಕೆ, ಮಾರುವುದಕ್ಕೆ ಈಗಲೂ ಕಟ್ಟಳೆಗಳಿವೆ. ಬೀಟೆಯೂ ಬೇಡ. ಅದು ಗಟ್ಟಿ, ಹೊಸಬರ ಉಳಿಗೆ ಬಗ್ಗುವುದಿಲ್ಲ, ಅದರ ಹುಡಿ ಕೆಲವರಿಗೆ ಮೈಮೇಲೆ ತುರಿಕೆ ಎಬ್ಬಿಸುತ್ತದೆ. ನನ್ನ ಆಯ್ಕೆ ಶಿವನೆ. ಸಾಗರ, ಸೊರಬ, ಸಿದ್ದಾಪುರ, ಶಿರಸಿ, ಕುಮಟಾ, ಹೊನ್ನಾವರಗಳ ಗುಡಿಗಾರರು ಗಂಧದ ಜೊತೆಗೆ ಹಿಂದಿನಿಂದ ನೆಚ್ಚಿಕೊಂಡು ಬಂದ ಮರ ಇದು. ತಿಳಿ ಹಳದಿ ಬಣ್ಣ, ಹಗುರ, ಒಂದೇ ಸಮನಾದ ಎಳೆ. ಒಣಗುವಾಗ ಸೀಳುವುದು, ಸೊಟ್ಟಗಾಗುವುದು ಕಡಿಮೆ. ಮರದ ಡಿಪೋಗೆ ಹೋಗಿ ಶಿವನೆ ಹಲಗೆ ಎಂದು ಕೇಳಿ. ಒಂದು ಅಂಗುಲ ದಪ್ಪವಿದ್ದರೆ ಧಾರಾಳವಾಯಿತು. ಗಂಟಿಲ್ಲದ್ದನ್ನು, ಚೆನ್ನಾಗಿ ಒಣಗಿದ್ದನ್ನು ಆರಿಸಿ. ಅಂಗುಲ ದಪ್ಪದ ಹಲಗೆ ನೆರಳಲ್ಲಿ ಒಣಗಲು ಒಂದು ವರ್ಷ ಬೇಕು ಎನ್ನುವುದು ಬಡಗಿಗಳ ಲೆಕ್ಕ. ಹಸಿ ಹಲಗೆಯಲ್ಲಿ ಕೆತ್ತಿದರೆ ಅಮ್ಮನ ಕೆನ್ನೆಯ ಮೇಲೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಕುಟ್ಟೆ ಹಿಡಿಯುವ ಭಯವೂ ಇದೆ.

ಫೋಟೊವನ್ನು ಹಲಗೆಗೆ ದಾಟಿಸಲು ಹಳೆಯ ಚೌಕದ ಉಪಾಯವೇ ಸಾಕು. ಉದಾಹರಣೆಗೆ, ಪಾಸ್‌ಪೋರ್ಟ್ ಅಳತೆಯ ಫೋಟೊ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಅದರ ಜೆರಾಕ್ಸ್ ಪ್ರತಿಯ ಮೇಲೆ 5 ಮಿಲಿಮೀಟರಿಗೆ ಒಂದರಂತೆ ಗೆರೆ ಎಳೆದರೆ ಅಡ್ಡಕ್ಕೆ 7, ಉದ್ದಕ್ಕೆ 9, ಒಟ್ಟು 63 ಚೌಕ. ಹಲಗೆಯ ಮೇಲೆ ಒಂದೊಂದು ಅಂಗುಲದ ಚೌಕ ಎಳೆದುಕೊಂಡು, ಪ್ರತಿ ಚೌಕದಲ್ಲಿ ಏನಿದೆಯೋ ಅಷ್ಟನ್ನೇ ಪೆನ್ಸಿಲಿನಿಂದ ಬಿಡಿಸುತ್ತ ಹೋಗಿ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಕಾರ್ಬನ್ ಇಟ್ಟು ತಿದ್ದಿದರೂ ನಡೆಯುತ್ತದೆ. ಆದರೂ ನಾನು ಚೌಕದ ಪಕ್ಷ. ಒಂದೊಂದೇ ಚೌಕ ಬಿಡಿಸುವಾಗ ಕಿವಿಯ ಹಾಲೆ ಎಲ್ಲಿ ಕೆನ್ನೆಗೆ ಅಂಟಿಕೊಂಡಿದೆ, ಮೇಲಿನ ತುಟಿ ಕೆಳಗಿನದಕ್ಕಿಂತ ಎಷ್ಟು ಮುಂದಿದೆ ಎಂದು ಕಣ್ಣು ಕಲಿಯುತ್ತದೆ. ಉಳಿ ಹಿಡಿದಾಗ ಆ ಕಲಿಕೆ ಬೇಕು.

ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮುಖ ಎಂದರೆ 12 ಅಂಗುಲ. ಹಣೆಗೆ 4, ಮೂಗಿಗೆ 4, ಮೂಗಿನ ಬುಡದಿಂದ ಗಲ್ಲಕ್ಕೆ 4. ಈ ಅಂಗುಲ ಟೇಪಿನ ಅಂಗುಲವಲ್ಲ, ಪ್ರತಿಮೆಗೆ ತಕ್ಕ ಹಾಗೆ ಹಿಗ್ಗುವ, ಕುಗ್ಗುವ ಅಳತೆ. ನಾನು ಈ ಲೆಕ್ಕ ಹಿಡಿದು ಗೆರೆ ಹಾಕುತ್ತಿದ್ದಾಗ ಗುಡಿಗಾರರು ಹಲಗೆ ನೋಡಿ, ‘ಮೇಷ್ಟ್ರೇ, ದೇವರನ್ನ ಮಾಡೋವಾಗ ಇದು ಸರಿ. ತಾಯಿ ಮುಖಕ್ಕೆ ತಾಯೀನ್ನೇ ಅಳೀರಿ’ ಎಂದರು. ಮನೆಗೆ ಹೋಗಿ ದಾರ ಹಿಡಿದು ಅಮ್ಮನ ಎದುರು ಕೂತೆ. ‘ಎಂತದೋ ಇದು, ರವಿಕೆಗೆ ಅಳತೆ ತಗೊಂಡ ಹಾಗೆ?’ ಎಂದು ನಕ್ಕಳು. ನಗುವಾಗ ದಾರ ಜಾರಿತು, ಮತ್ತೆ ಹಿಡಿದೆ. ಅವಳ ಹಣೆ ಮೂಗಿಗಿಂತ ಗಿಡ್ಡ. ಹಲ್ಲು ಹೋದದ್ದರಿಂದ ಮುಖದ ಕೆಳಭಾಗ ಈಗ ಕುಗ್ಗಿದೆ. ಅದನ್ನು ಮಾತ್ರ ಹಳೆಯ ಫೋಟೊದಿಂದ ತೆಗೆದುಕೊಳ್ಳಬೇಕಾಯಿತು. ಮೂಗಿನ ದಿಂಡು, ಹುಬ್ಬಿನ ಎಲುಬು, ಕಿವಿ ಇರುವ ಜಾಗ, ದವಡೆಯ ಮೂಲೆ ಇವೆಲ್ಲ ಅಳೆಯಲು ಎದುರಿಗೇ ಇದ್ದವು. ಮಸುಕಾದ ಫೋಟೊದಲ್ಲಿ ತಿಳಿಯದೇ ಇದ್ದದ್ದು ಬೆರಳಿಗೆ ತಿಳಿಯಿತು. ತೀರಿಕೊಂಡವರನ್ನು ಕೆತ್ತುವಾಗ ಈ ಸೌಲಭ್ಯ ಇಲ್ಲ.

ಉಪಕರಣದ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಚಪ್ಪಟೆ ಬಾಯಿಯ ಎರಡು ಉಳಿ, ಡೊಂಕು ಬಾಯಿಯವು ಎರಡು ಮೂರು, ಕಣ್ಣು ತುಟಿಗಳಿಗೆ ಒಂದು ಸಣ್ಣ ಚಾಕು, ಮರದ ಕೊಡತಿ, ಸಾಣೆಕಲ್ಲು. ಉಳಿ ಹರಿತವಾಗಿರಲಿ, ಮೊಂಡು ಉಳಿಗೆ ಬಲ ಹಾಕುವಾಗಲೇ ಕೈಗೆ ಗಾಯವಾಗುವುದು. ಹಲಗೆಯನ್ನು ಮೇಜಿಗೆ ಕ್ಲ್ಯಾಂಪು ಹಾಕಿ ಬಿಗಿಯಿರಿ. ಎರಡು ಕೈಯೂ ಉಳಿಯ ಬಾಯಿಗಿಂತ ಹಿಂದೆಯೇ ಇರಲಿ. ಸ್ಯಾಂಡ್‌ಪೇಪರ್ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮೊದಲು ಮುಖದ ಸುತ್ತಿನ ಗೆರೆಯನ್ನು ಕಡಿದು, ಹಿನ್ನೆಲೆಯನ್ನು ಹತ್ತು ಮಿಲಿಮೀಟರಿನಷ್ಟು ಇಳಿಸಿಕೊಳ್ಳಿ. ಆಮೇಲೆ ಯಾವುದು ನಮಗೆ ಹತ್ತಿರ, ಯಾವುದು ದೂರ ಎಂದು ನಿಶ್ಚಯಿಸಬೇಕು. ಪಕ್ಕನೋಟದಲ್ಲಿ ಕೆನ್ನೆಯ ಎಲುಬು ಮತ್ತು ಕಿವಿ ಎತ್ತರ; ಮೂಗಿನ ತುದಿ, ತುಟಿ, ಗಲ್ಲ ಹಿನ್ನೆಲೆಗೆ ಹತ್ತಿರ. ಸುತ್ತ ಮಬ್ಬು ಮಾಡಿಕೊಂಡು ಒಂದು ಪಕ್ಕಕ್ಕೆ ದೀಪ ಇಟ್ಟು ಕೆತ್ತಿ. ದೀಪ ಸರಿಸಿದಂತೆ ನೆರಳೇ ತಪ್ಪು ತೋರಿಸಿಕೊಡುತ್ತದೆ. ಮರದ ಎಳೆ ಹಣೆಯಿಂದ ಗಲ್ಲದ ಕಡೆಗೆ ಓಡುವಂತೆ ಹಲಗೆ ಇಟ್ಟುಕೊಂಡಿದ್ದರೆ ಮೂಗಿನ ದಿಂಡು ಸಲೀಸಾಗಿ ಬರುತ್ತದೆ. ತುಟಿಯ ಹತ್ತಿರ ಎಳೆಗೆ ಅಡ್ಡ ಕಡಿಯಬೇಕಾಗುತ್ತದೆ. ಅಲ್ಲಿ ಕೊಡತಿ ಕೆಳಗಿಟ್ಟು, ಕೈಬಲದಿಂದಲೇ ಉಗುರಿನಷ್ಟು ತೆಳ್ಳಗೆ ಹೆರೆಯಿರಿ. ಕುಂಕುಮವನ್ನು ಒಂದು ಕೂದಲೆಳೆಯಷ್ಟು ಎತ್ತರವಾಗಿ ಬಿಡಿ. ಬಣ್ಣ ಬೇಡ, ಪಕ್ಕದ ಬೆಳಕಿನಲ್ಲಿ ತಾನಾಗಿ ಕಾಣುತ್ತದೆ. ಅಬ್ಬಲಿಗೆ ದಂಡೆಯ ಒಂದೊಂದು ಹೂವನ್ನೂ ಬಿಡಿಸಲು ಹೋಗಬೇಡಿ. ಮುಂದಿನ ನಾಲ್ಕಾರು ಹೂ ಸ್ಪಷ್ಟವಾಗಿದ್ದು ಉಳಿದವು ಗಂಟುಗಂಟಾಗಿ ಹಿಂದೆ ಸರಿದರೆ ನೋಡುವವರ ಕಣ್ಣು ದಂಡೆಯನ್ನು ಪೂರ್ತಿ ಮಾಡಿಕೊಳ್ಳುತ್ತದೆ.

ಕಣ್ಣು ಕೊನೆಗೆ. ದೇವರ ಪ್ರತಿಮೆಗೂ ನೇತ್ರೋನ್ಮೀಲನ ಕೊನೆಯಲ್ಲೇ ಆಗುವುದು. ಮೂಗು, ಹುಬ್ಬು, ಕೆನ್ನೆ ತಮ್ಮ ತಮ್ಮ ಮಟ್ಟಕ್ಕೆ ಬಂದು ನಿಂತ ಮೇಲಷ್ಟೇ ಕಣ್ಣು ಎಷ್ಟು ಒಳಗೆ ಕೂರಬೇಕೆಂದು ತಿಳಿಯುತ್ತದೆ. ಪಾಪೆಯನ್ನು ಬರೆಯುವ ಬದಲು ಮೇಲಿನ ರೆಪ್ಪೆಯ ಅಂಚನ್ನು ಸ್ವಲ್ಪ ಕೆಳಗಿನಿಂದ ಕಡಿದು ನೆರಳು ಬೀಳುವಂತೆ ಮಾಡಿದರೆ ದೃಷ್ಟಿ ತಾನೇ ಬರುತ್ತದೆ. ಅಮ್ಮನ ಆ ಫೋಟೊದಲ್ಲಿ ಬಾಯಿ ಅರೆ ತೆರೆದಿತ್ತು, ಕೂಗುತ್ತಿದ್ದಳಲ್ಲ. ಅದನ್ನು ಮುಚ್ಚಿಬಿಡಿ, ಚೆಂದ ಕಾಣುತ್ತದೆ ಎಂದು ಮನೆಯಲ್ಲಿ ಕೆಲವರು ಹೇಳಿದರು. ನಾನು ಮುಚ್ಚಲಿಲ್ಲ.

ಕೆತ್ತನೆ ಮುಗಿದ ಮೇಲೆ ಮುಖವನ್ನು ಕನ್ನಡಿಯ ಹಾಗೆ ಹೊಳೆಯಿಸುವ ಚಾಳಿ ನನಗೆ ಒಪ್ಪಿಗೆಯಿಲ್ಲ. ದಪ್ಪ ವಾರ್ನಿಶ್ ಬಿದ್ದರೆ ತೆಳುವಾದ ಉಬ್ಬೆಲ್ಲ ಮುಚ್ಚಿಹೋಗುತ್ತದೆ. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಒಣಗಿದ ಮೇಲೆ ಜೇನುಮೇಣ ತಿಕ್ಕಿದರೆ ಶಿವನೆಯ ಹಳದಿ ಹದವಾಗಿ ಏರುತ್ತದೆ. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ. ಗೋಡೆಗೆ ತೂಗುಹಾಕುವಾಗ ಹಿಂಬದಿಯ ನಾಲ್ಕು ಮೂಲೆಗೂ ಸಣ್ಣ ಮರದ ತುಂಡು ಅಂಟಿಸಿ, ಗಾಳಿ ಆಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ಒತ್ತಿಕೊಂಡ ಮರಕ್ಕೆ ಬೂಷ್ಟು ಬರದೇ ಇರುವುದಿಲ್ಲ. ಎದುರಿಗೆ ಟ್ಯೂಬ್‌ಲೈಟ್ ಇರುವ ಗೋಡೆ ಬೇಡ, ಕಿಟಕಿಯ ಪಕ್ಕದ ಗೋಡೆ ಒಳ್ಳೆಯದು.

ಕೆಲಸವನ್ನು ಕ್ರಮವಾಗಿ ಕಲಿಯುವ ಆಸೆಯಿರುವ ಯುವಕ ಯುವತಿಯರಿಗೆ ಕಾರ್ಕಳದ ಹತ್ತಿರ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತಾರೆ. ಕೈಯಲ್ಲಿ ಆಗುವುದೇ ಇಲ್ಲ ಎನ್ನುವವರು ಗುಡಿಗಾರರ ಹತ್ತಿರ ಹೋಗಿ ಮಾಡಿಸಿ. ಆದರೆ ಫೋಟೊ ಕೊಟ್ಟು ಬಂದುಬಿಡಬೇಡಿ. ಸಾಧ್ಯವಾದರೆ ಅಪ್ಪನನ್ನೋ ಅಮ್ಮನನ್ನೋ ಒಮ್ಮೆ ಅವರ ಮುಂದೆ ಕರೆದುಕೊಂಡು ಹೋಗಿ ಕೂರಿಸಿ. ಕೇಳಿದ ಮಜೂರಿ ಚೌಕಾಸಿ ಮಾಡದೆ ಕೊಡಿ.

ನಮ್ಮ ಅಮ್ಮ ಆ ಪಟವನ್ನು ನಡುಮನೆಯಲ್ಲಿ ಹಾಕಲು ಬಿಡಲಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ ಹಾಕಿಸಿಕೊಂಡಳು. ಮನೆಗೆ ಬಂದವರಿಗೆ ಅಕ್ಕನ ಮದುವೆಯ ಕಥೆಯನ್ನು ಅದರ ಮುಂದೆ ನಿಂತು ಹೇಳುತ್ತಾಳೆ. ಯಾವ ಪಲ್ಯ ಕಡಿಮೆ ಬಿತ್ತು, ಯಾರ ಮನೆಯಿಂದ ಹಂಡೆ ತರಿಸಿದ್ದು, ಮಳೆ ಬಂದಾಗ ಚಪ್ಪರ ಹಿಡಿದು ನಿಂತವರು ಯಾರು ಎಂಬುದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಕೇಳುಗರೇ, ಮರ, ಉಳಿ ಎಲ್ಲ ನಿಧಾನವಾಗಿ ಒದಗಿಸಿಕೊಳ್ಳಬಹುದು. ಇವತ್ತು ಊಟವಾದ ಮೇಲೆ ಅಪ್ಪ ಅಮ್ಮನ ಎದುರು ಹಳೆಯ ಫೋಟೊಗಳನ್ನೆಲ್ಲ ಹರವಿ, ‘ಇದರಲ್ಲಿ ಯಾವುದು ನಿಮಗೆ ಇಷ್ಟ’ ಎಂದು ಕೇಳಿ. ಅವರು ತೋರಿಸಿದ್ದರ ಹಿಂದೆ ಪೆನ್ಸಿಲಿನಿಂದ ಒಂದು ಗುರುತು ಹಾಕಿಟ್ಟುಕೊಳ್ಳಿ.